ಸೂರ್ಯ ತಿರುಗುವ ದಿನದ ತಕರಾರು

ಮಾವನವರು ಹಿತ್ತಲಿನಲ್ಲಿ ಪೊರಕೆಯ ಕೋಲು ನೆಟ್ಟು, ಅದರ ನೆರಳಿನ ತುದಿಗೊಂದು ಕಲ್ಲಿಟ್ಟು, ಕೈಕಟ್ಟಿ ನಿಂತಿದ್ದರು. ತಲೆಗೆ ಮಂಕಿ ಕ್ಯಾಪು. ಸಮಯ ಮಧ್ಯಾಹ್ನ ಹನ್ನೆರಡೂವರೆ. (ಟೆಕ್ಸಾಸಿನ ನಮ್ಮೂರು ರೌಂಡ್ ರಾಕಿನಲ್ಲಿ ಚಳಿಗಾಲದ ನಡುಹಗಲು ಹನ್ನೆರಡಕ್ಕಲ್ಲ, ಹನ್ನೆರಡೂವರೆಗಂತೆ. ಎಂಟು ವರ್ಷ ಇಲ್ಲಿದ್ದರೂ ನನಗೆ ಗೊತ್ತಿರಲಿಲ್ಲ!)

ಇದಕ್ಕೆಲ್ಲ ಕಾರಣ ಮಗಳು ಅದಿತಿ ಶಾಲೆಯಿಂದ ತಂದ ಒಂದು ಹಾಳೆ. 'ವರ್ಷದ ಅತಿ ಚಿಕ್ಕ ಹಗಲನ್ನು ನಿಮ್ಮ ಮನೆಯಲ್ಲಿ ಹೇಗೆ ಆಚರಿಸುತ್ತೀರಿ?' ರಜೆಯಲ್ಲಿ ಬರೆಯಬೇಕು. ಅವಳು ನನ್ನ ಮುಖ ನೋಡಿದಳು. ನಾನು ಗಂಡನ ಮುಖ ನೋಡಿದೆ. ಡಿಸೆಂಬರ್ ಇಪ್ಪತ್ತೊಂದರಂದು ನಾವು ಮಾಡುವುದೇನು? ಆಫೀಸಿನಿಂದ ಕತ್ತಲಲ್ಲಿ ಮನೆಗೆ ಬಂದು ಉಳಿದ ಸಾರು ಬಿಸಿ ಮಾಡುತ್ತೇವೆ. ಅದನ್ನು ಬರೆಯಲಾದೀತೇ?

ಅತ್ತೆ ಮಾವ ಹುಬ್ಬಳ್ಳಿಯಿಂದ ಬಂದು ಒಂದು ತಿಂಗಳಾಗಿತ್ತು. ಮಾವನವರು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಭೂಗೋಳ ಕಲಿಸಿದವರು. ಬಿಡುತ್ತಾರೆಯೇ?

"ಅವತ್ತ ಸೂರ್ಯ ಉತ್ತರಕ್ಕ ತಿರುಗ್ತಾನ. ಖರೇ ಸಂಕ್ರಾಂತಿ ಅಂದ್ರ ಅದ. ಈ ವರ್ಷ ಅವತ್ತೇ ಎಳ್ಳು-ಬೆಲ್ಲ ಹಂಚೂಣು," ಎಂದರು.

"ಪಂಚಾಂಗದಾಗ ಜನವರಿ ಹದಿನಾಲ್ಕು ಅದ," ಎಂದರು ಅತ್ತೆ. "ಅಲ್ಲೀತನಕ ಒಂದ್ ಕಾಳು ಎಳ್ಳು ಹುರಿಯೂದಿಲ್ಲ ನಾ." ಎಳ್ಳಿನ ಡಬ್ಬಿ ಮೇಲಿನ ಶೆಲ್ಫಿಗೆ ಹೋಯಿತು.

ಅದಕ್ಕೇ ಈ ಕೋಲು. ಇಪ್ಪತ್ತೊಂದಕ್ಕೆ ನೆರಳು ಅತಿ ಉದ್ದ, ಮರುದಿನದಿಂದ ಗಿಡ್ಡ. ಸಾಕ್ಷಿ ಸಮೇತ ಹೆಂಡತಿಯನ್ನು ಸೋಲಿಸುವುದು ಮಾವನವರ ಪ್ಲ್ಯಾನು.

ಇಪ್ಪತ್ತೆರಡು ಬಂತು. ಇಪ್ಪತ್ಮೂರು ಬಂತು. ನೆರಳು ಕಲ್ಲು ಬಿಟ್ಟು ಕದಲಲಿಲ್ಲ.

"ಅಜ್ಜಾ, ಇಟ್ಸ್ ದ ಸೇಮ್!" ಟೇಪು ಹಿಡಿದಿದ್ದ ಅದಿತಿ ಕೂಗಿದಳು.

"ಈಗ ನಿಂತಾನ. ಇನ್ನ ತಿರುಗ್ತಾನ," ಎಂದರು ಮಾವ.

"ಬಸ್ ಸ್ಟ್ಯಾಂಡಿನ್ಯಾಗ ನಿಂತಾಂವ ಊರು ಮುಟ್ಟಿದಂಗೇನ್ರಿ?" ಎಂದರು ಅತ್ತೆ.

ಅಷ್ಟರಲ್ಲಿ ಪಕ್ಕದ ಮನೆಯ ಡೋರತಿ ಬೇಲಿಯ ಗೇಟು ತಟ್ಟಿದರು. ಎಪ್ಪತ್ತು ದಾಟಿದ ಹೆಂಗಸು. ಮೂರು ದಿನದಿಂದ ನೋಡುತ್ತಿದ್ದೇನೆ, ನೆಲ ಅಳೆಯುತ್ತಿದ್ದೀರಿ, ನಿಮ್ಮ ಪೈಪ್ ಏನಾದರೂ ಒಡೆದಿದೆಯೇ ಎಂದು ಕೇಳಿದರು.

ಮಾವನವರಿಗೆ ಹೊಸ ವಿದ್ಯಾರ್ಥಿನಿ ಸಿಕ್ಕಂತಾಯಿತು. ಇನ್ನು ಹಗಲು ಬೆಳೆಯುತ್ತದೆ ಎಂದು ಬಿಡಿಸಿ ಬಿಡಿಸಿ ಇಂಗ್ಲಿಷಿನಲ್ಲಿ ವಿವರಿಸಿದರು. ಡೋರತಿ ಕೋಲನ್ನೇ ನೋಡುತ್ತಾ ನಿಂತರು. ಅಕ್ಟೋಬರಿನಲ್ಲಿ ಅವರ ಗಂಡ ತೀರಿಕೊಂಡಿದ್ದರು. ಐದೂವರೆಗೆಲ್ಲ ಕತ್ತಲಾಗಿಬಿಡುತ್ತದೆ, ಆಮೇಲೆ ಏನು ಮಾಡಬೇಕೋ ತಿಳಿಯುವುದಿಲ್ಲ, ಬೆಳಕು ಹೆಚ್ಚಾಗಲು ಎಷ್ಟು ದಿನ ಬೇಕು ಎಂದು ಕೇಳಿದರು. ಮಾವನವರು ಬಗ್ಗಿ ಕಲ್ಲನ್ನು ಸರಿಪಡಿಸತೊಡಗಿದರು.

"ಏನಂತ ಆಕಿ?" ಇಂಗ್ಲಿಷ್ ಬಾರದ ಅತ್ತೆ ನನ್ನನ್ನು ಕೇಳಿದರು. ಹೇಳಿದೆ. ಸೀದಾ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಅಡುಗೆಮನೆಯ ಕಿಟಕಿಯಿಂದ ಎಳ್ಳು ಹುರಿದ ಘಮ ಬಂತು!

"ಮತ್ತ ಪಂಚಾಂಗ?" ಮಾವ ಮೀಸೆಯಲ್ಲೇ ನಕ್ಕರು.

"ಸುಮ್ಮಿರ್ರಿ. ಮೂರು ವಾರ ಹ್ಯಾಂಗ ಕಾಯಬೇಕ್ ಆಕಿ?" ಎನ್ನುತ್ತಾ ಅತ್ತೆ ಎಳ್ಳು-ಬೆಲ್ಲವನ್ನು ಡೋರತಿಯ ಅಂಗೈಗೆ ಹಾಕಿ, ಬೆರಳುಗಳನ್ನು ತಾವೇ ಮಡಿಸಿದರು. ಆಮೇಲೆ ಚಹಾ, ಚುರುಮುರಿ, ಎರಡು ಮನೆಯ ಆಲ್ಬಮ್ಮು. ಒಬ್ಬರದು ಹುಬ್ಬಳ್ಳಿ ಕನ್ನಡ, ಇನ್ನೊಬ್ಬರದು ಟೆಕ್ಸಾಸ್ ಇಂಗ್ಲಿಷ್. ನನ್ನ ಅನುವಾದ ಯಾರಿಗೂ ಬೇಕಾಗಲಿಲ್ಲ. ಹೊರಗೆ ಕತ್ತಲಾದದ್ದನ್ನು ಯಾರೂ ಗಮನಿಸಲಿಲ್ಲ.

ಅದಿತಿ ಹಾಳೆಯಲ್ಲಿ ಬರೆದದ್ದು ಎರಡೇ ಸಾಲು: ಮೊದಲು ಅಜ್ಜ ಅಜ್ಜಿ ಜಗಳ ಆಡುತ್ತಾರೆ. ಆಮೇಲೆ ಪಕ್ಕದ ಮನೆಯವರಿಗೆ ತಿನ್ನಲು ಕೊಡುತ್ತೇವೆ. (ಟೀಚರ್ ನಗುಮುಖದ ಸ್ಟಿಕ್ಕರ್ ಅಂಟಿಸಿದ್ದಾರೆ.)

ಮೊನ್ನೆ ಹದಿನಾಲ್ಕಕ್ಕೆ ಅತ್ತೆ ಪಂಚಾಂಗದ ಪ್ರಕಾರ ಇನ್ನೊಮ್ಮೆ ಎಳ್ಳು ಹುರಿದರು. ಡೋರತಿ ಕರೆಯದೆಯೇ ಬಂದರು. ನೆರಳು ಐದು ಬೆರಳು ಗಿಡ್ಡವಾಗಿದೆ ಎಂದು ಮಾವನವರು ಕೂಗಿ ಹೇಳಿದರೂ ತಟ್ಟೆ ಬಿಟ್ಟು ಯಾರೂ ಏಳಲಿಲ್ಲ.

ಇನ್ನು ಮೇಲೆ ನಮ್ಮ ಮನೆಯಲ್ಲಿ ಸೂರ್ಯ ವರ್ಷಕ್ಕೆ ಎರಡು ಸಲ ಉತ್ತರಕ್ಕೆ ತಿರುಗುತ್ತಾನೆ. ನಿಮ್ಮಲ್ಲಿ ಯಾರದಾದರೂ ಆಕ್ಷೇಪಣೆ ಇದೆಯೇ?