ಮೆಕ್ಯಾನಿಕ್ ಕತ್ತರಿಸಿದ ಮೌನ

ಹೋದ ವಾರ ವಿದ್ಯಾನಗರದ ಮೊಬೈಲ್ ರಿಪೇರಿ ಅಂಗಡಿಯೊಂದರಲ್ಲಿ ಬೆಸುಗೆಯ ಹೊಗೆ ಮೂಗಿಗೆ ಬಡಿದು, ಭದ್ರಾವತಿಯ ಟೇಪ್‌ರೆಕಾರ್ಡರ್ ಮೆಕ್ಯಾನಿಕ್ ನೆನಪಾದರು. ನೆನಪನ್ನು ನಾನು ಅಷ್ಟಾಗಿ ನಂಬುವವನಲ್ಲ. ಆದರೂ...

ಎಂ.ಎ. ಓದುವಾಗ ಗೆಳೆಯನೊಬ್ಬ ಕ್ಯಾಸೆಟ್ ತುಂಬಿಸಿಕೊಟ್ಟಿದ್ದ. ಫ್ರಾನ್ಸಿನ ಆಧುನಿಕ ಸಂಯೋಜಕರೊಬ್ಬರದು. ಪಿಯಾನೋ ಬಿಟ್ಟರೆ ಬೇರೆ ವಾದ್ಯವಿಲ್ಲ. ನಾಲ್ಕು ಸ್ವರ, ಆಮೇಲೆ ದೀರ್ಘ ಮೌನ, ಮತ್ತೆ ಎರಡು ಸ್ವರ... ಒಮ್ಮೆ ಟೇಪು ಯಂತ್ರಕ್ಕೆ ಸುತ್ತಿಕೊಂಡಿತು. ಆ ಮೆಕ್ಯಾನಿಕ್ ಬಳಿ ಒಯ್ದೆ.

ರಿಪೇರಿ ಮಾಡಿದ್ದನ್ನು ಪೂರ್ತಿ ಕೇಳಿ ನೋಡದೆ ಅವರು ಕೊಡುತ್ತಿರಲಿಲ್ಲ. ಹಾಗೆ ಕೇಳುವಾಗ ಆ ಮೌನಗಳೆಲ್ಲ ಅಳಿಸಿಹೋದ ಜಾಗಗಳೆಂದು ತಿಳಿದು, ಬ್ಲೇಡಿನಿಂದ ಒಂದೊಂದನ್ನೇ ಕತ್ತರಿಸಿ ತೆಗೆದಿದ್ದರು. ಪುಣ್ಯಕ್ಕೆ ಟೇಪಿನ ಇನ್ನೊಂದು ಬದಿ ಖಾಲಿಯಿತ್ತು.

"ಹಾಳಾಗಿದ್ದೆಲ್ಲಾ ತೆಗೆದು ಜೋಡಿಸಿದೀನಿ. ಈಗ ನೋಡಿ ಮಾರಾಯ್ರೇ, ಎಕ್ಸ್‌ಪ್ರೆಸ್ ಥರ ಓಡುತ್ತೆ!"

ಗಿರಾಕಿಗಳೆದುರೇ ಕೂಗಾಡಿದೆ. "ಆ ಮೌನಾನೂ ಅವನೇ ಬರೆದಿದ್ದು! ಸಂಗೀತ ಅಂದ್ರೆ ಏನು ಗೊತ್ತಾ ನಿಮಗೆ?" ನಿಮಗೆ ಎಂದೆನೋ, ನಿನಗೆ ಎಂದೆನೋ... ಖಾತ್ರಿಯಿಲ್ಲ.

ಅವರು ಕ್ಯಾಸೆಟ್ಟನ್ನು ವಾಪಸ್ ತೆಗೆದುಕೊಂಡರು. ತೆಗೆದ ಭಾಗವನ್ನು ಗಿರಾಕಿಗೆ ತೋರಿಸಿಯೇ ಎಸೆಯುವುದು ಅವರ ಪದ್ಧತಿ. ಹಾಗಾಗಿ ತುಂಡುಗಳೆಲ್ಲ ಹಳೆಯ ಪತ್ರಿಕೆಯ ಮೇಲೆ ಸಾಲಾಗಿ ಅಂಟಿಕೊಂಡಿದ್ದವು, ಪಕ್ಕದಲ್ಲಿ ಉರ್ದು ಅಂಕಿಗಳು. ಮರುದಿನ ಹೋದಾಗ ಎಲ್ಲವನ್ನೂ ಅದರದರ ಜಾಗಕ್ಕೆ ಸೇರಿಸಿದ್ದರು. ಸ್ಟೂಲು ಎಳೆದು ನನ್ನನ್ನು ಕೂರಿಸಿ, ತಾವೂ ಕೇಳುತ್ತ ಕೂತರು. ಮೊದಲ ಮೌನ ಬಂತು. ನಾನು ಏನೋ ಹೇಳಹೊರಟೆ. ಬೆರಳೆತ್ತಿ ತಡೆದರು.

"ತಡೀರಿ ಸರ್, ಉಸಿರು ತಗೋತಿದಾನೆ. ಈಗ ಬರ್ತಾನೆ."

ಬಂದ.

ಆಗ ನಾನು ಕ್ಷಮೆ ಕೇಳಿದೆನೇ? ಕೇಳಿದ ಚಿತ್ರವೊಂದು ಮನಸ್ಸಿನಲ್ಲಿದೆ. ಆದರೆ ಅದರಲ್ಲಿ ನಾನು ತೀರಾ ಚೆನ್ನಾಗಿ ಮಾತಾಡುತ್ತೇನೆ. ಅದಕ್ಕೇ ಅನುಮಾನ.

ಈಗ ಅದೇ ಸಂಗೀತ ಫೋನಿನಲ್ಲೇ ಸಿಗುತ್ತದೆ, ಸ್ವಚ್ಛವಾಗಿ, ಅಂಟಿಸಿದ ಗುರುತಿಲ್ಲದೆ. ಎರಡು ದಿನ ಕೇಳಿದೆ. ಒಂದೊಂದು ಮೌನದಲ್ಲೂ ಅವರೇ... ಅಂದು ಕ್ಷಮೆ ಕೇಳದೇ ಇದ್ದಿದ್ದರೆ ಈಗಲಾದರೂ ಕೇಳಿಬಿಡೋಣವೆಂದು ಭಾನುವಾರ ಭದ್ರಾವತಿಗೆ ಹೋದೆ.

ಅದೇ ಅಂಗಡಿಯಲ್ಲಿ ಅವರ ಮಗಳು ಚಾರ್ಜರ್, ಮೊಬೈಲ್ ಕವರ್ ಮಾರುತ್ತಿದ್ದರು. ಮೆಕ್ಯಾನಿಕ್ ತೀರಿಕೊಂಡು ಎರಡು ವರ್ಷವಾಯಿತಂತೆ. ನಿಂತಲ್ಲೇ ನಡೆದದ್ದನ್ನೆಲ್ಲ ಹೇಳಿದೆ, ಗಿರಾಕಿಗಳೆದುರು ಅಂದ ಮಾತನ್ನೂ.

ಆಕೆ ಕೈಯಲ್ಲಿದ್ದ ಚಾರ್ಜರನ್ನು ಕೆಳಗಿಟ್ಟರು.

"ಯಾರಾದ್ರೂ ಬೈದಿದ್ದನ್ನ ನಮ್ಮ ಅಬ್ಬಾಜಾನ್ ಯಾವತ್ತೂ ಮನೇಲಿ ಹೇಳ್ತಿರಲಿಲ್ಲ ಸರ್."

ಅವರು ಅಷ್ಟು ವರ್ಷ ಮನೆಯ ಹೊಸಿಲು ದಾಟಲು ಬಿಡದಿದ್ದ ಮಾತನ್ನು, ಕ್ಷಮೆ ಕೇಳಲು ಹೋದ ನಾನೇ ಅವರ ಮಗಳಿಗೆ ಮುಟ್ಟಿಸಿ ಬಂದಿದ್ದೆ.