ಅಕ್ಕನ ಕೆನ್ನೆಯ ನೇರಳೆ ಗೆರೆಗಳು

ನಾನು ದೇವದುರ್ಗದ ಗೌಂಡಿ. ನಾಲ್ಕನೇ ತರಗತಿಗೆ ಶಾಲೆ ಬಿಟ್ಟವನು. ಗೋಡೆ ಕಟ್ಟುವ ಮುಂಚೆ ದಾರ ಹಿಡಿದು ಗೆರೆ ಹಾಕಿದ ಮೇಲೆ ಮನೆಯ ಮಾಲೀಕನೂ ಅದನ್ನು ತುಳಿಯುವಂತಿಲ್ಲ ಎಂದು ಜಗಳಾಡುತ್ತಿದ್ದವನು. ಅಂಥ ನಾನೇ ಒಂದು ಸಲ, ಅಕ್ಕನ ಕೆನ್ನೆಯ ಮೇಲೆ ಡಾಕ್ಟರು ಹಾಕಿದ್ದ ಗೆರೆಗಳನ್ನು ಅಳಿಸಿಬಿಟ್ಟೆ.

ಎಂಬತ್ತರ ದಶಕದ ಮೊದಲ ವರ್ಷಗಳು. ತಾಯಿ ಇಲ್ಲದ ನನ್ನನ್ನು ಬೆಳೆಸಿದವಳು ಅಕ್ಕ. ಅವಳ ಎಡಗೆನ್ನೆಯ ಒಳಗೆ ಎದ್ದ ಹುಣ್ಣು ತಿಂಗಳುಗಟ್ಟಲೆ ಮಾಯಲಿಲ್ಲ. ರಾಯಚೂರಿನ ಡಾಕ್ಟರು ಹುಣ್ಣಿನ ತುಣುಕು ತೆಗೆದು ಪರೀಕ್ಷೆ ಮಾಡಿಸಿ, ಕ್ಯಾನ್ಸರ್ ಎಂದು ಹೇಳಿ, ಚೀಟಿ ಬರೆದು ಹೈದರಾಬಾದಿಗೆ ಕಳಿಸಿದರು. ಅಲ್ಲಿಯ ದೊಡ್ಡ ಆಸ್ಪತ್ರೆಯಲ್ಲಿ ಅವಳ ಕೆನ್ನೆ, ಕುತ್ತಿಗೆಯ ಮೇಲೆ ನೇರಳೆ ಬಣ್ಣದಲ್ಲಿ ಚೌಕಾಕಾರದ ಗೆರೆ ಹಾಕಿ, ದಿನಾ ಕರೆಂಟ್ ಕೊಡಲು ಶುರುಮಾಡಿದರು. ಜನ ಹಾಗೆ ಕರೆಯುತ್ತಿದ್ದರು. ನಿಜವಾಗಿ ಅದು ಕಣ್ಣಿಗೆ ಕಾಣದ ಒಂದು ಕಿರಣ. ಗೆರೆಗೆ ನೀರು, ಸಾಬೂನು, ಎಣ್ಣೆ ತಾಗಿಸಬಾರದು ಎಂದು ಮೂರು ಮೂರು ಸಲ ಹೇಳಿದ್ದರು.

ಅರ್ಧ ಚಿಕಿತ್ಸೆ ಮುಗಿದಿತ್ತು. ಹಬ್ಬಕ್ಕೆ ಮೂರು ದಿನ ರಜೆ ಸಿಕ್ಕಿತೆಂದು ಊರಿಗೆ ಬಂದೆವು. ಅದೇ ಹೊತ್ತಿಗೆ ನನ್ನ ಮದುವೆಯ ಮಾತಿಗೆ ಮಾನ್ವಿಯಿಂದ ಹೆಣ್ಣಿನವರು ಬರುವವರಿದ್ದರು. ಪಕ್ಕದ ಮನೆಯ ಹಿರಿಯಾಕೆ ನನ್ನನ್ನು ಬಾಗಿಲಲ್ಲೇ ತಡೆದಳು.

"ಕರೆಂಟ್ ತಗೊಂಡ ಮೈ ಅದ ನೋಡಪ್ಪಾ. ಒಬ್ಬರಿಂದ ಒಬ್ಬರಿಗೆ ಹತ್ತತದಂತ. ಮಾನ್ವಿಯವರಿಗೆ ಗೊತ್ತಾದ್ರ ಹೆಣ್ಣು ಕೊಡ್ತಾರೇನು?"

ನಾನು ನಂಬಿದೆ. ಅಕ್ಕ ಉಣ್ಣುವ ಗಂಗಾಳ, ನೀರು ಕುಡಿಯುವ ಚರಿಗೆಗಳನ್ನು ಅದಕ್ಕೂ ಮೊದಲೇ ಬೇರೆ ಇಟ್ಟಿದ್ದೆ. ಅವಳು ನೋಡಿ, ಅವುಗಳಲ್ಲೇ ಉಣ್ಣುತ್ತಿದ್ದಳು. ಮಾನ್ವಿಯವರು ಬರುವ ದಿನ ಬೆಳಿಗ್ಗೆ ಕೊಬ್ಬರಿ ಎಣ್ಣೆ, ಅರಳೆ ಹಿಡಿದು ಅವಳ ಮುಂದೆ ಕೂತೆ.

"ಲೇ ತಮ್ಮಾ, ಅಳಿಸಬ್ಯಾಡ್ರಿ ಅಂತ ಹೇಳ್ಯಾರಲೋ."

"ಹೋದಮ್ಯಾಲೆ ಮತ್ತ ಹಾಕ್ತಾರ ಬಿಡಬೇ ಯಕ್ಕಾ. ಪೆನ್ನಿನ ಗೆರಿ ಅದು."

"ನಿನ್ನ ಗೋಡಿ ಗೆರಿ ಯಾರರ ಅಳಿಸಿದ್ರ ಹಿಂಗ ಅಂತೀಯೇನು?"

ನಾನು ಅರಳೆಯನ್ನು ಎಣ್ಣೆಯಲ್ಲಿ ಅದ್ದಿದೆ. ಅವಳು ಕಣ್ಣು ಮುಚ್ಚಿ ಕೆನ್ನೆ ಒಡ್ಡಿದಳು. ಬಣ್ಣ ಹೋಯಿತು, ಕಪ್ಪಾಗಿದ್ದ ಚರ್ಮ ಉಳಿಯಿತು. ಅದನ್ನು ಕಂಡು ಹೆಣ್ಣಿನ ತಾಯಿ, "ಮಾರಿ ಯಾಕ ಹಿಂಗ ಸುಟ್ಟದ್ರೀ?" ಎಂದು ಕೇಳಿದಾಗ ಅಕ್ಕ ನಕ್ಕಳು: "ಇವನಿಗೆ ರೊಟ್ಟಿ ಬಡದು ಬಡದು ರೀ. ಇನ್ನ ನಿಮ್ಮ ಮಗಳ ಪಾಳಿ." ಎಲ್ಲರೂ ನಕ್ಕರು. ಮಾತು ಕುದುರಿತು.

ಮರಳಿ ಹೈದರಾಬಾದಿಗೆ ಹೋದಾಗ ಮಷೀನಿನ ಕೋಣೆಯವನು ಅಕ್ಕನ ಮುಖ ನೋಡಿ ಗಾಬರಿಯಾದ. ಡಾಕ್ಟರು ಬಂದರು. ಅವರಾಡುವ ಉರ್ದು ನಮಗಿಬ್ಬರಿಗೂ ತಿಳಿಯುತ್ತಿತ್ತು. ಯಾರು ಅಳಿಸಿದ್ದು ಎಂದು ಕೇಳಿದರು.

"ನಾನರೀ," ಎಂದಳು ಅಕ್ಕ. "ಮರ್ತು ಮಾರಿ ತೊಳಕೊಂಡೆ."

ಗೆರೆ ಒಂದು ಬೆರಳು ಸರಿದರೆ ಕಿರಣ ಒಳ್ಳೆಯ ಜಾಗವನ್ನು ಸುಟ್ಟು ಹುಣ್ಣನ್ನು ಬಿಡುತ್ತದೆ, ಇಷ್ಟು ದಿನದ ಕಷ್ಟ ನೀರಿಗೆ ಹೋಗುತ್ತದೆ ಎಂದು ಅವರು ಅವಳನ್ನು ಬೈದರು. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು. ನಾನು ಕೈಚೀಲ ಹಿಡಿದು ಪಕ್ಕದಲ್ಲೇ ನಿಂತಿದ್ದೆ.

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಡಾಕ್ಟರು ಹಳೆಯ ಕಾಗದಗಳನ್ನು ತೆಗೆಸಿದರು. ಹಳೆಯ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ಕಿವಿಯ ಹಾಲೆಯಿಂದ, ಕಣ್ಣಿನ ಕೊನೆಯಿಂದ, ದವಡೆಯ ಮೂಲೆಯಿಂದ ಅಳೆದು ಚುಕ್ಕೆ ಇಟ್ಟರು, ಚುಕ್ಕೆ ಕೂಡಿಸಿದರು, ಹೊಸ ಎಕ್ಸ್‌ರೇ ತೆಗೆಸಿ ಹಳೆಯದರ ಪಕ್ಕ ಇಟ್ಟು ನೋಡಿದರು. ಒಂದು ಗೆರೆ ನೂಲಿನಷ್ಟು ಸರಿದಿತ್ತು. ಅದಕ್ಕಾಗಿ ಎಲ್ಲವನ್ನೂ ಒರೆಸಿ ಮತ್ತೆ ಮೊದಲಿನಿಂದ ಹಾಕಿದರು. ಅರ್ಧ ಬೆರಳು ತಪ್ಪಿದರೆ ಗೋಡೆಗೆ ಬಳಿಯುವ ಗಿಲಾವಿನಲ್ಲಿ ಮುಚ್ಚಿಬಿಡುವ ಗೌಂಡಿ ನಾನು. ಊಟದ ಹೊತ್ತು ದಾಟಿತು. ಅವರು ಊಟಕ್ಕೆ ಏಳಲಿಲ್ಲ.

ಇದು ಹತ್ತುವ ರೋಗವೇ ಎಂದು ಮೆಲ್ಲಗೆ ಕೇಳಿದೆ. ಅಲ್ಲ ಎಂದರು. ಮಷೀನು ನಿಂತ ಮೇಲೆ ಆಕೆಯ ಮೈಯಲ್ಲಿ ಕಿರಣ ಉಳಿಯುವುದಿಲ್ಲ, ಜೊತೆಗೆ ಕೂತು ಉಣ್ಣು ಎಂದರು. ಅಷ್ಟು ಸುಲಭದ ಮಾತನ್ನು ಕೇಳಲು ನನಗೆ ಅಷ್ಟು ದಿನ ಬೇಕಾಗಿತ್ತು.

ಅಂದು ದಪ್ಪ ಗಾಜಿನ ಕಿಂಡಿಯಿಂದ ನೋಡಲು ನನ್ನನ್ನು ಬಿಟ್ಟರು. ಎಲ್ಲರೂ ಹೊರಗೆ ಬಂದರು, ಗೋಡೆಯಷ್ಟು ದಪ್ಪದ ಬಾಗಿಲು ಮುಚ್ಚಿತು. ಒಳಗೆ ಅಕ್ಕ ಒಬ್ಬಳೇ ಮಲಗಿದ್ದಳು. ಬೆಂಕಿಯಿಲ್ಲ, ಹೊಗೆಯಿಲ್ಲ, ಬೆಳಕೂ ಇಲ್ಲ. ಆ ಚೌಕದೊಳಗೆ ಏನೋ ಇಳಿಯುತ್ತಿತ್ತು. ಅವಳು ಕಲ್ಲಿನಂತೆ ಅಲುಗಾಡದೆ ಇದ್ದಳು. ದೇವರ ಗುಡಿಯಲ್ಲೂ ನಾನು ಹಾಗೆ ಉಸಿರು ಹಿಡಿದು ನಿಂತವನಲ್ಲ.

ಕೊನೆಗೆ ಕಿರಣ ಕೊಡುವುದು ಮುಗಿಯಿತು. ಕೆಲವು ವಾರ ಬಿಟ್ಟು ತೋರಿಸಲು ಹೋದಾಗ ಡಾಕ್ಟರು ಬ್ಯಾಟರಿ ಹಿಡಿದು ಅವಳ ಬಾಯೊಳಗೆ ನೋಡಿದರು, ನನಗೂ ತೋರಿಸಿದರು. ಹುಣ್ಣಿದ್ದ ಜಾಗದಲ್ಲಿ ಎಳೆಮಗುವಿನ ಒಸಡಿನಂಥ ತೆಳುಗೆಂಪು. ನಾನು ಮತ್ತೆ ಮತ್ತೆ ನೋಡಿದೆ. ಅಕ್ಕ ಆಮೇಲೆ ಬಹಳ ವರ್ಷ ಬದುಕಿದಳು, ನನ್ನ ಮಕ್ಕಳನ್ನೂ ಆಡಿಸಿದಳು.

ಬಾಯಿ ತೋರಿಸಿದ ಆ ದಿನ ಆಸ್ಪತ್ರೆಯ ಗೇಟಿನ ಹೊರಗೆ ಬಂದ ಮೇಲೆ ಕೇಳಿದೆ: "ಯಕ್ಕಾ, ಗೆರಿ ಅಳಿಸಿದ್ದು ನಾನ ಅಂತ ಡಾಕ್ಟರಿಗೆ ಹೇಳಿ ಬರಲೇನು?"

"ಹೇಳಿದ್ರ ಶಾಲು ಹೊದಿಸ್ತಾರೇನು ನಿನಗ? ನಡಿ, ರಾಯಚೂರು ಗಾಡಿ ತಪ್ಪತದ."

ಗಾಡಿಗೆ ಇನ್ನೂ ಹೊತ್ತಿತ್ತು. ಡಾಕ್ಟರು ಒಳಗೇ ಇದ್ದರು. ನಾನು ಕೈಯೆತ್ತಿ ರಿಕ್ಷಾ ನಿಲ್ಲಿಸಿದೆ.