ಹುಟ್ಟಿದ್ದು, ಉಟ್ಟಿದ್ದು

ಪುರಾತತ್ವ ಎಂ.ಎ. ಎರಡನೇ ವರ್ಷದಲ್ಲಿ ಮೇಡಂ ಸೆಮಿನಾರಿಗೆ ವಿಷಯ ಹಂಚಿದ ದಿನ ನಾನು ಕ್ಲಾಸಿಗೆ ತಡವಾಗಿ ಹೋದೆ. ತಲಕಾಡು, ಸೋಮನಾಥಪುರ, ಹಳೇಬೀಡು ಎಲ್ಲವೂ ಆಗಲೇ ಖರ್ಚಾಗಿದ್ದವು. ನನಗೆ ಉಳಿದದ್ದು ಇಂಗ್ಲೆಂಡಿನ ಆಂಗ್ಲೋ-ಸ್ಯಾಕ್ಸನ್ನರ ಸಮಾಧಿಗಳು. ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ಸೈಬರ್ ಕೆಫೆಯಲ್ಲಿ ಪ್ರಿಂಟ್ ತೆಗೆಸಿಕೊಂಡು ಬಂದು ಲಷ್ಕರ್ ಮೊಹಲ್ಲಾದ ನಮ್ಮ ಮನೆಯ ನಡುಮನೆ ತುಂಬ ಅಸ್ಥಿಪಂಜರಗಳ ಚಿತ್ರ ಹರಡಿಕೊಂಡೆ. ಅಮ್ಮ ಅದನ್ನು ದೇವರಮನೆ ಕಡೆ ತರಬೇಡ ಎಂದು ಹೇಳಿ ಅಡುಗೆಮನೆಗೆ ಹೋದಳು. ಅಜ್ಜಿ ಮಾತ್ರ ಕನ್ನಡಕ ಹಾಕಿಕೊಂಡು ಹತ್ತಿರ ಬಂದು ಕೂತಳು.

ನಮ್ಮ ಅಪ್ಪನ ತಾಯಿ ಇವಳು. ಇವಳ ಬಗ್ಗೆ ಒಂದು ಮಾತು ಮೊದಲೇ ಹೇಳಬೇಕು. ನಮ್ಮದು ಲಿಂಗಾಯತರ ಮನೆ, ತಲೆತಲಾಂತರದಿಂದ ಮಠದ ಶಾಲೆಯ ಮೇಷ್ಟ್ರುಗಳು. ಮಾತಿನಲ್ಲಿ ‘ಹ’ಕಾರ ಬಿದ್ದುಹೋದರೆ ನಮ್ಮವರಿಗೆ ಹಲ್ಲಿಗೆ ಕಲ್ಲು ಸಿಕ್ಕಿದಷ್ಟು ಕಿರಿಕಿರಿ. ಅಜ್ಜಿ ಆ ‘ಹ’ವನ್ನು ಎಷ್ಟು ಜೋಪಾನ ಮಾಡುತ್ತಿದ್ದಳೆಂದರೆ, ಬೇಡದ ಕಡೆಗೂ ಧಾರಾಳವಾಗಿ ಒಂದೊಂದು ಸೇರಿಸುತ್ತಿದ್ದಳು. ‘ಹಕ್ಕಿ ತೊಳೆದಿಟ್ಟಿದ್ದೀನಿ ಕಣಮ್ಮ, ಕುಕ್ಕರ್ ಇಟ್ಟುಬುಡು’ ಎಂದು ಅಮ್ಮನಿಗೆ ಕೂಗಿ ಹೇಳುವಳು. ಮೊಟ್ಟೆಯ ಸಿಪ್ಪೆಯೂ ಹೊಸಿಲು ದಾಟದ ಮನೆಯಲ್ಲಿ ದಿನಕ್ಕೆ ಎರಡು ಹೊತ್ತು ಹಕ್ಕಿ ಬೇಯುತ್ತಿತ್ತು. ನಾವು ನಕ್ಕು ಸುಮ್ಮನಾಗುತ್ತಿದ್ದೆವು. ಯಾಕೆ ಹೀಗೆ ಎಂದು ಯಾರೂ ಕೇಳಿರಲಿಲ್ಲ.

ನಾನು ಅಜ್ಜಿಗೆ ಓದಿ ಹೇಳುತ್ತಾ ಹೋದೆ. ಸಾವಿರದೈನೂರು ವರ್ಷದ ಹಿಂದಿನ ಜನ. ಹಡಗು ಹತ್ತಿ ಬಂದು ಇಂಗ್ಲೆಂಡಿನಲ್ಲಿ ನೆಲೆ ನಿಂತರಂತೆ. ನೆಲ ತೋಡಿ ಅದರ ಮೇಲೆ ಗುಡಿಸಲು ಕಟ್ಟುತ್ತಿದ್ದರು, ಮಗ್ಗದ ನೂಲಿಗೆ ಸುಟ್ಟ ಮಣ್ಣಿನ ಬಿಲ್ಲೆ ಕಟ್ಟಿ ಜಗ್ಗುತ್ತಿದ್ದರು. ಹೆಂಗಸರನ್ನು ಹೂಳುವಾಗ ಎರಡು ಭುಜಕ್ಕೂ ಒಂದೊಂದು ಅಲಂಕಾರದ ಪಿನ್ನು, ನಡುವೆ ಮಣಿಸರ, ಸೊಂಟಕ್ಕೆ ಬೀಗದ ಕೈಯಂಥ ಗೊಂಚಲು. ಕೆಲವು ಗಂಡಸರ ಪಕ್ಕದಲ್ಲಿ ಈಟಿ. ಆ ಪಿನ್ನಿನ ಮಾದರಿ ನೋಡಿಯೇ ವಿದ್ವಾಂಸರು ಇವಳು ಸ್ಯಾಕ್ಸನ್, ಇವಳು ಆಂಗ್ಲ್ ಎಂದು ಬಹಳ ಕಾಲ ಪಟ್ಟಿ ಮಾಡುತ್ತಿದ್ದರು.

ಅಜ್ಜಿ ತನ್ನ ಬಳೆಗೆ ಸಿಕ್ಕಿಸಿಕೊಂಡಿದ್ದ ನಾಲ್ಕು ಸೇಫ್ಟಿ ಪಿನ್ನು ನೋಡಿಕೊಂಡಳು. ‘ಹಾಗಾದ್ರೆ ನಾಳೆ ನನ್ನ ಹಗೆಯೋರು, ಈ ಮುದುಕಿ ಪಿನ್ನು ಮಾರ್ತಿದ್ಲು ಅಂತ ಬರ್ಕೋತಾರೆ.’

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಕ್ಕ ಹುಮ್ಮಸ್ಸಿನಲ್ಲೇ ಮುಂದಿನದನ್ನು ಹೇಳಿದೆ. ಈಗ ಬರೀ ಪಿನ್ನು ನಂಬುವ ಹಾಗಿಲ್ಲ. ಚಿಕ್ಕಂದಿನಲ್ಲಿ ಕುಡಿದ ನೀರಿನ ಗುರುತು ಹಲ್ಲಿನಲ್ಲಿ ಕೂತುಬಿಡುತ್ತದೆ, ಸತ್ತ ಮೇಲೂ ಹೋಗುವುದಿಲ್ಲ. ಹಲ್ಲು ಪರೀಕ್ಷೆ ಮಾಡಿದರೆ ಯಾರು ಎಲ್ಲಿ ಬೆಳೆದರೆಂದು ಒಂದು ಅಂದಾಜು ಸಿಗುತ್ತದೆ. ಅಪ್ಪಟ ಸ್ಯಾಕ್ಸನ್ ಪಿನ್ನು ಹಾಕಿಕೊಂಡು ಮಲಗಿದವಳು ಹಡಗನ್ನೇ ಕಾಣದ ಪಕ್ಕದ ಹಳ್ಳಿಯವಳಾಗಿರಬಹುದು. ಸಮುದ್ರ ದಾಟಿ ಬಂದವನ ಪಕ್ಕದಲ್ಲಿ ಒಂದು ಚಾಕೂ ಇಲ್ಲದಿರಬಹುದು.

ಅಜ್ಜಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ‘ಹಲ್ಲು ಹೇಳ್ಬುಡುತ್ತಾ?’

‘ನಿಂದು ಕಟ್ಟಿಸಿದ ಹಲ್ಲು. ಊರು ಯಾವ್ದು ಅಂತ ಕೇಳಿದ್ರೆ ಡಾಕ್ಟರ ಕ್ಲಿನಿಕ್ ಹೆಸರು ಹೇಳುತ್ತೆ ಬುಡು’ ಎಂದೆ.

‘ಹಿಂದೆ ಎರಡು ದವಡೆ ಹಲ್ಲು ನಂದೇ ಇವೆ ಕಣೇ.’ ಅವಳು ನಗಲಿಲ್ಲ. ಅಡುಗೆಮನೆ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. ‘ನಾನು ಉಟ್ಟಿದ್ದು ಒಕ್ಕಲು ಮನೇಲಿ. ತಿರುಮಕೂಡ್ಲು ಕಡೆ. ನಿಮ್ಮ ತಾತ ಅಲ್ಲಿಗೆ ಮೇಷ್ಟ್ರಾಗಿ ಬಂದಿದ್ರು.’

‘ಉಟ್ಟಿದ್ದು’ ಎಂದಾಗ ನನಗೆ ಮೊದಲು ಸೀರೆಯ ನೆನಪಾಯಿತು. ಆಮೇಲೆ ಅರ್ಥವಾಯಿತು. ತಾತ ಇವಳನ್ನೇ ಮದುವೆಯಾಗುತ್ತೇನೆಂದು ಹಟ ಹಿಡಿದಾಗ ಮಠದ ಸ್ವಾಮಿಗಳೇ ಲಿಂಗದೀಕ್ಷೆ ಕೊಟ್ಟು ಮದುವೆ ಮಾಡಿಸಿದ್ದರಂತೆ. ಸೌಟು ಹಿಡಿದು ‘ಹ’ ಕಲಿಸಿದವರು ಅವಳ ಅತ್ತೆ. ಅಂದಿನಿಂದ ಅವಳು ಬೆಳಿಗ್ಗೆ ಲಿಂಗಪೂಜೆ ಮಾಡದೆ ನೀರೂ ಮುಟ್ಟಿರಲಿಲ್ಲ. ಅಪ್ಪನಿಗೇ ಈ ಸಂಗತಿ ಗೊತ್ತಿರಲಿಲ್ಲ.

ಈಗ ಯಾಕೆ ಇಷ್ಟು ಹೆದರಿಕೆ ಎಂದು ಕೇಳಿದೆ. ಕಾರಣ ಚಿಕ್ಕತಾತ. ತಾತನ ತಮ್ಮ ಅವರು, ನಿವೃತ್ತರಾಗಿ ವಿಜಯನಗರದಲ್ಲಿ ಮನೆ ಕಟ್ಟಿಕೊಂಡಿದ್ದರು. ಹೊತ್ತು ಹೋಗದೆ ನಮ್ಮ ವಂಶವೃಕ್ಷ ಅಚ್ಚು ಹಾಕಿಸಲು ಹೊರಟಿದ್ದರು. ಸೊಸೆಯರ ತವರು, ತಂದೆಯ ಹೆಸರು, ತವರಿನವರು ದೀಕ್ಷೆ ಪಡೆಯುವ ಗುರುಮನೆ, ಎಲ್ಲಕ್ಕೂ ಒಂದೊಂದು ಕಾಲಂ. ಎರಡು ಸಲ ಬಂದಿದ್ದರು. ಒಂದು ಸಲ ಅಜ್ಜಿಗೆ ತಲೆನೋವು ಬಂತು. ಇನ್ನೊಂದು ಸಲ ಅವರ ಸ್ಕೂಟರ್ ಸದ್ದು ಕೇಳಿದ್ದೇ ತಡ, ಹಿತ್ತಲ ಬಾಗಿಲಿಂದ ಹೊರಬಿದ್ದು ಚಾಮುಂಡಿ ಬೆಟ್ಟಕ್ಕೆ ಬಸ್ಸು ಹತ್ತಿದ್ದಳು.

‘ನಮ್ಮೋರು ಕೂರಿಸ್ತಾರೆ’ ಎಂದಳು ಅಜ್ಜಿ. ಸತ್ತವರನ್ನು ಕೂರಿಸಿ, ಅಂಗೈಯಲ್ಲಿ ಲಿಂಗ ಇಟ್ಟು, ವಿಭೂತಿ ಹಾಕಿ ಮಣ್ಣು ಮಾಡುವುದು ನಮ್ಮಲ್ಲಿ ಪದ್ಧತಿ. ತಾತ ಊರಾಚೆಯ ನಮ್ಮ ತೋಟದಲ್ಲಿ ಹಾಗೇ ಕೂತಿದ್ದಾರೆ. ‘ನಮ್ಮಪ್ಪನ ಕಡೆ ಮಲಗಿಸ್ತಾರೆ. ಪುಸ್ತಕದಲ್ಲಿ ಬಂದ್ಬುಟ್ರೆ ನನ್ನ ಎಂಗೆ ಮಾಡ್ತಾರೋ. ಕೈಲಿರೋದನ್ನ ಕಿತ್ಕೊಂಬುಟ್ರೆ?’

ನನಗೆ ಚಿಕ್ಕತಾತನ ಮೇಲೆ ಮೈಯೆಲ್ಲ ಉರಿಯಿತು. ಅವರ ಸ್ಕೂಟರಿನ ಗಾಳಿ ಬಿಡುವ ಯೋಚನೆಯೂ ಬಂತು.

ಆ ಶನಿವಾರ ಸೆಮಿನಾರ್ ಮುಗಿಸಿದೆ. ‘ಹಾಗಾದರೆ ಪಿನ್ನು ಹಾಕಿಕೊಂಡ ಆ ಹೆಂಗಸು ಯಾರಮ್ಮ?’ ಎಂದು ಮೇಡಂ ಕೇಳಿದರು. ಹುಟ್ಟಿದ್ದೂ ನಿಜ, ಉಟ್ಟಿದ್ದೂ ನಿಜ ಮೇಡಂ ಎಂದೆ. ಪರೀಕ್ಷೆಯಲ್ಲಿ ಹೀಗೆ ಪ್ರಾಸ ಕಟ್ಟಬೇಡ ಎಂದರು.

ಮರುದಿನ ಬೆಳಿಗ್ಗೆ ಚಿಕ್ಕತಾತ ಮೂರನೇ ಸಲ ಬಂದರು. ಅಜ್ಜಿಯ ಹಲ್ಲಿನ ಸೆಟ್ಟು ಇನ್ನೂ ನೀರಿನ ಲೋಟದಲ್ಲೇ ಇತ್ತು, ಓಡಿಹೋಗಲು ಪುರಸೊತ್ತಾಗಲಿಲ್ಲ. ಅವರು ಫಾರಂ ಬಿಡಿಸಿ, ಪೆನ್ನಿನ ಮುಚ್ಚಳ ತೆಗೆದು, ‘ಅತ್ತಿಗೆ, ನಿಮ್ಮ ತವರಿನ ಗುರುಮನೆ?’ ಎಂದರು. ನಾನು ಬೇಕೆಂತಲೇ ಕಾಫಿ ಚೆಲ್ಲುವವಳಿದ್ದೆ. ಅಜ್ಜಿ ಕೈ ಅಡ್ಡ ಹಿಡಿದು ನನ್ನನ್ನು ತಡೆದಳು.

‘ಗುರುಮನೆ ಇಲ್ಲ ಕಣಪ್ಪ. ನಾನು ಉಟ್ಟಿದ್ದು ಒಕ್ಕಲು ಮನೇಲಿ. ನಮ್ಮಪ್ಪನ ಎಸರು ಏಳ್ತೀನಿ, ಬರ್ಕೊ.’

ಚಿಕ್ಕತಾತ ಪೆನ್ನು ಕೆಳಗಿಟ್ಟರು. ‘ನನಗೆ ಗೊತ್ತು ಅತ್ತಿಗೆ. ನಿಮ್ಮ ದೀಕ್ಷೆ ದಿನ ಹೂವಿನ ತಟ್ಟೆ ಹಿಡ್ಕೊಂಡು ನಿಂತಿದ್ದೋನು ನಾನೇ. ಕಾಲಂ ಖಾಲಿ ಬಿಟ್ರೆ ಜನ ಕೇಳ್ತಾರೆ. ನೀವು ಚೆನ್ನಾಗಿರೋ ಒಂದು ಸುಳ್ಳು ಹೇಳ್ತೀರ, ಬರ್ಕೊಂಡು ಹೋಗೋಣ ಅಂತ ಮೂರು ಸಲ ಬಂದೆ.’

‘ಸುಳ್ಳು ಬ್ಯಾಡ. ನಮ್ಮಪ್ಪನ್ನ ಇಷ್ಟು ದಿನ ಇಲ್ಲ ಅನ್ನಿಸಿದ್ದೇ ಸಾಕು’ ಎಂದಳು ಅಜ್ಜಿ. ಅಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು. ಅಜ್ಜಿ ಅವಳನ್ನೂ ಲಕ್ಷಿಸದೆ ಕೇಳಿದಳು. ‘ಬರ್ದಮೇಲೆ, ನಾಳೆ ನನ್ನ ಕೂರಿಸ್ತೀಯೋ, ಮಲಗಿಸ್ತೀಯೋ?’

ಚಿಕ್ಕತಾತ ಹೆಸರನ್ನು ಪೂರ್ತಿ ಕೇಳಿ ಬರೆದುಕೊಂಡರು. ಊರಿನ ಹೆಸರನ್ನೂ ಬರೆದರು. ಆಮೇಲೆ ಕನ್ನಡಕ ತೆಗೆದು ಒರೆಸುತ್ತಾ ಹೇಳಿದರು.

‘ಮಲಗೋಷ್ಟು ಜಾಗ ಅಲ್ಲಿ ಎಲ್ಲಿದೆ ಅತ್ತಿಗೆ? ಅಣ್ಣ ತನ್ನ ಪಕ್ಕದಲ್ಲಿ ನೀವು ಕೂತ್ಕೊಳೋ ಅಷ್ಟೇ ಬಿಡಿಸಿ ಹೋಗಿರೋದು.’

ಅಜ್ಜಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅವಳು ಅಳುವುದನ್ನು ನಾನು ನೋಡಿದ್ದು ಅದೇ ಮೊದಲು.